ಹನ್ನೆರಡರ ಹುಡುಗಿಯರಲ್ಲಿ ಪಾಂಡವರು

ಪುರಾಣವನ್ನು ಮಕ್ಕಳಿಗೆ ಹೇಳುವ ಕೆಲಸ ಭಾರತೀಯ ಭಾಷೆಗಳಲ್ಲಿ ಎಂದೂ ನಿಂತದ್ದಿಲ್ಲ. ಆದರೆ ಪುರಾಣವನ್ನು ಅಡಿಪಾಯವಾಗಿಟ್ಟುಕೊಂಡು ಹೊಸದೇ ಆದ ಕಥೆಯೊಂದನ್ನು ಕಟ್ಟಿ, ಅದರ ನಾಯಕತ್ವವನ್ನು ಇಂದು ಶಾಲೆಗೆ ಹೋಗುತ್ತಿರುವ ಮಗುವಿಗೆ ವಹಿಸುವ ಸಾಹಸ ಕಾದಂಬರಿಯು ಪ್ರತ್ಯೇಕ ಪ್ರಕಾರವಾಗಿ ಗಟ್ಟಿಗೊಂಡದ್ದು ಕಳೆದ ಎರಡು ದಶಕಗಳಲ್ಲಿ, ಅದೂ ಮುಖ್ಯವಾಗಿ ಅಮೆರಿಕದ ಇಂಗ್ಲಿಷ್ ಪ್ರಕಾಶನ ರಂಗದಲ್ಲಿ. ಆ ಪ್ರಕಾರದೊಳಕ್ಕೆ ಮಹಾಭಾರತವನ್ನು ತಂದ ಕೃತಿಗಳ ಪೈಕಿ 2018ರ ಮಾರ್ಚ್‌ನಲ್ಲಿ ಹೊರಬಂದ ರೋಶನಿ ಚೋಕ್ಷಿ ಅವರ ‘ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್’ ಹೆಚ್ಚು ಓದುಗರನ್ನು ತಲುಪಿದ ಕಾದಂಬರಿಗಳಲ್ಲೊಂದು. ಐದು ಸಂಪುಟಗಳ ಪಾಂಡವ ಮಾಲಿಕೆಯ ಮೊದಲ ಭಾಗವಾದ ಈ ಪುಸ್ತಕವು ಇಂದ್ರ, ಯಮ, ವಾಯು ಮೊದಲಾದ ಹೆಸರುಗಳನ್ನು ಅಮೆರಿಕದ ಮಕ್ಕಳ ನಾಲಿಗೆಗೆ ಪರಿಚಯಿಸಿತೆಂಬುದು ಅದರ ಸಾಧನೆಯ ಸಣ್ಣ ಪಾಲು ಮಾತ್ರ. ಯಾರು ಸರಿ ಯಾರು ತಪ್ಪು ಎಂದು ಸುಲಭವಾಗಿ ಹೇಳಲು ಬಿಡದ ಮಹಾಭಾರತದ ತೊಡಕನ್ನು ಹತ್ತು ಹನ್ನೊಂದು ವರ್ಷದ ಓದುಗರ ಕೈಗೆ ಕೊಡುವಾಗಲೂ ಅದು ಸಡಿಲಗೊಳಿಸಲಿಲ್ಲ ಎಂಬುದೇ ಅದರ ದೊಡ್ಡ ಗುಣ.

ಅಮೆರಿಕದ ಪ್ರಕಾಶಕರು ‘ಮಿಡ್ಲ್ ಗ್ರೇಡ್’ ಎಂದು ಕರೆಯುವ ವರ್ಗಕ್ಕೆ ಈ ಕಾದಂಬರಿ ಸೇರುತ್ತದೆ. ಸುಮಾರು 8ರಿಂದ 12 ವರ್ಷದ, ಅಂದರೆ ನಮ್ಮಲ್ಲಿ ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಉದ್ದೇಶಿಸಿದ ಈ ಬಗೆಯ ಬರವಣಿಗೆಯಲ್ಲಿ ಕೆಲವು ಕಟ್ಟಳೆಗಳು ಬಳಕೆಯಿಂದಲೇ ಬೇರೂರಿವೆ. ಮಕ್ಕಳು ತಮಗಿಂತ ತುಸು ದೊಡ್ಡವರ ಕಥೆಯನ್ನು ಓದಲು ಬಯಸುವುದರಿಂದ ನಾಯಕ ಅಥವಾ ನಾಯಕಿಯ ವಯಸ್ಸು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿರುತ್ತದೆ. ಸಾವು, ಅಗಲಿಕೆ, ಹಿರಿಯರ ದೌರ್ಬಲ್ಯ ಯಾವುದೂ ನಿಷಿದ್ಧವಲ್ಲವಾದರೂ ಕಥೆ ಓದುಗನನ್ನು ಹತಾಶೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಂಕಟ ಬಂದಾಗ ನೆರವಿಗೆ ಧಾವಿಸಬಲ್ಲ ತಂದೆ ತಾಯಿ ಗುರುಗಳನ್ನು ಯಾವುದಾದರೊಂದು ಉಪಾಯದಿಂದ ಕಥೆಯ ದಾರಿಯಿಂದ ಸರಿಸಲೇಬೇಕು, ಏಕೆಂದರೆ ದೊಡ್ಡವರು ಪಕ್ಕದಲ್ಲಿರುವವರೆಗೆ ಮಗು ತಾನಾಗಿ ನಿರ್ಧಾರ ಕೈಗೊಳ್ಳುವ ಸನ್ನಿವೇಶವೇ ಹುಟ್ಟುವುದಿಲ್ಲ.

ಈ ಕಟ್ಟಳೆಗಳನ್ನು ಪುರಾಣದೊಂದಿಗೆ ಬೆಸೆದು ಜನಪ್ರಿಯ ಮಾದರಿಯನ್ನಾಗಿ ಮಾಡಿದವರು ಟೆಕ್ಸಾಸ್ ಮೂಲದ ರಿಕ್ ರಿಯೋರ್ಡನ್. ಹಲವು ವರ್ಷ ಶಾಲಾ ಶಿಕ್ಷಕರಾಗಿದ್ದ ಅವರು, ಗಮನ ಕೇಂದ್ರೀಕರಿಸುವ ತೊಂದರೆಯನ್ನೂ ಅಕ್ಷರಗಳನ್ನು ಓದುವಾಗ ತೊಡಕುಂಟಾಗುವ ಡಿಸ್ಲೆಕ್ಸಿಯಾವನ್ನೂ ಎದುರಿಸುತ್ತಿದ್ದ ತಮ್ಮ ಮಗನಿಗೆ ಮಲಗುವ ಹೊತ್ತಿನಲ್ಲಿ ಗ್ರೀಕ್ ಪುರಾಣಗಳನ್ನು ಹೇಳುತ್ತಾ, ಗೊತ್ತಿದ್ದ ಕಥೆಗಳು ಮುಗಿದಾಗ ಅದೇ ತೊಂದರೆಗಳಿರುವ ಪರ್ಸಿ ಜಾಕ್ಸನ್ ಎಂಬ ಹನ್ನೆರಡರ ಬಾಲಕನನ್ನು ಸೃಷ್ಟಿಸಿದರು. 2005ರಲ್ಲಿ ಬಂದ ‘ದಿ ಲೈಟ್ನಿಂಗ್ ಥೀಫ್’ ಮತ್ತು 2009ರವರೆಗೆ ಬಂದ ಅದರ ನಾಲ್ಕು ಮುಂದುವರಿಕೆಗಳಲ್ಲಿ ಆ ಹುಡುಗನ ಕಲಿಕೆಯ ಕಷ್ಟಗಳು ಅವನು ದೇವತೆಯ ಮಗನೆಂಬುದರ ಕುರುಹುಗಳಾಗಿ ಬದಲಾದವು. ತರಗತಿಯ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಮಕ್ಕಳಿಗೆ ಆ ಒಂದು ತಿರುವು ಎಷ್ಟು ದೊಡ್ಡ ಸಮಾಧಾನವಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮುಂದೆ ಈಜಿಪ್ಟ್ ಮತ್ತು ನಾರ್ಸ್ ಪುರಾಣಗಳನ್ನೂ ಬಳಸಿಕೊಂಡ ರಿಯೋರ್ಡನ್, ಹಿಂದೂ ಪುರಾಣಗಳ ಕಥೆಯನ್ನೂ ಬರೆಯಿರಿ ಎಂಬ ಓದುಗರ ಬೇಡಿಕೆಗೆ ತಾವು ಒಪ್ಪದೆ, ಆಯಾ ಪರಂಪರೆಯಲ್ಲಿ ಹುಟ್ಟಿ ಬೆಳೆದವರೇ ಅದನ್ನು ಹೇಳುವುದು ಉಚಿತವೆಂಬ ನಿಲುವು ತಾಳಿದರು. ಆ ನಿಲುವಿನ ಫಲವಾಗಿ ಡಿಸ್ನಿ ಸಂಸ್ಥೆಯ ಪ್ರಕಾಶನ ವಿಭಾಗದಲ್ಲಿ ‘ರಿಕ್ ರಿಯೋರ್ಡನ್ ಪ್ರೆಸೆಂಟ್ಸ್’ ಎಂಬ ಪುಸ್ತಕ ಮಾಲೆ ಆರಂಭವಾಯಿತು. ಮಾಯಾ ಜನರ ಪುರಾಣವನ್ನಾಧರಿಸಿ ಜೆನ್ನಿಫರ್ ಸರ್ವಾಂಟೆಸ್, ಕೊರಿಯಾದ ಜಾನಪದವನ್ನಾಧರಿಸಿ ಯೂನ್ ಹಾ ಲೀ, ಆಫ್ರಿಕನ್ ಅಮೆರಿಕನ್ ಕಥನಗಳನ್ನಾಧರಿಸಿ ಕ್ವಾಮೆ ಎಂಬಾಲಿಯಾ ಅದರಲ್ಲಿ ಬರೆದರು. ಆ ಮಾಲೆಯ ಮೊಟ್ಟಮೊದಲ ಪುಸ್ತಕವೇ ಅರು ಶಾಳ ಕಥೆ.

ಗ್ರೀಕ್ ದೇವತೆಗಳ ದಾರಿಯಲ್ಲಿ ಪಾಂಡವರು ಮಕ್ಕಳ ಸಾಹಸ ಕಥೆಗೆ ಬಂದ ಈ ಕ್ರಮಕ್ಕೆ ಇತಿಹಾಸದಲ್ಲಿ ಒಂದು ಅರ್ಥಪೂರ್ಣ ಹಿನ್ನೆಲೆಯಿದೆ. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡುತ್ತಿದ್ದ ಕಾರ್ಕಳ ಮೂಲದ ಅನಂತ ಪೈ ಅವರು, ಗ್ರೀಕ್ ದೇವತೆಗಳ ಕುರಿತ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾಗದೆ ಹೋದುದನ್ನು ಕಂಡು ವ್ಯಥೆಪಟ್ಟದ್ದೇ ‘ಅಮರ ಚಿತ್ರ ಕಥೆ’ಗೆ ಪ್ರೇರಣೆಯಾಯಿತೆಂಬುದು ಅವರೇ ಹೇಳಿಕೊಂಡಿದ್ದ ಸಂಗತಿ. ಪೈ ಅವರು ಆರಿಸಿಕೊಂಡ ಮಾರ್ಗ ಮೂಲ ಕಥೆಯನ್ನು ಚಿತ್ರಗಳ ಮೂಲಕ ಸಂಗ್ರಹವಾಗಿ, ಆದಷ್ಟು ನಿಷ್ಠೆಯಿಂದ ಮರಳಿ ಹೇಳುವುದಾಗಿತ್ತು. ಅರ್ಧ ಶತಮಾನದ ಬಳಿಕ, ಗುಜರಾತಿ ತಂದೆ ಮತ್ತು ಫಿಲಿಪ್ಪೀನ್ಸ್ ಮೂಲದ ತಾಯಿಯ ಮಗಳಾಗಿ ಜಾರ್ಜಿಯಾ ರಾಜ್ಯದಲ್ಲಿ ಬೆಳೆದ ಚೋಕ್ಷಿ ಹಿಡಿದದ್ದು ಬೇರೆಯೇ ಮಾರ್ಗ. ಮಕ್ಕಳಿಗೆ ಮಹಾಭಾರತ ಗೊತ್ತಿರಬೇಕೆಂದು ಅವರ ಕಾದಂಬರಿ ಬಯಸುವುದೂ ಇಲ್ಲ, ಅದನ್ನು ಕಲಿಸಲು ಹೊರಡುವುದೂ ಇಲ್ಲ; ಮಹಾಭಾರತ ಮುಗಿದಿಲ್ಲ, ಅದರ ಋಣ ಇನ್ನೂ ತೀರಿಲ್ಲ ಎಂಬ ಊಹೆಯ ಮೇಲೆ ಅದು ನಿಂತಿದೆ.

ಕಥೆಯ ಆರಂಭದಲ್ಲಿ ಹನ್ನೆರಡು ವರ್ಷದ ಅರು ಶಾ ತನ್ನ ಪುರಾತತ್ತ್ವಜ್ಞೆ ತಾಯಿಯೊಂದಿಗೆ ಅಟ್ಲಾಂಟಾ ನಗರದ ಪ್ರಾಚೀನ ಭಾರತೀಯ ಕಲೆಯ ವಸ್ತುಸಂಗ್ರಹಾಲಯವೊಂದರಲ್ಲಿ ವಾಸವಾಗಿದ್ದಾಳೆ. ಸಿರಿವಂತರ ಮಕ್ಕಳು ಓದುವ ಶಾಲೆಯಲ್ಲಿ ತಾನೂ ಅವರ ಸರಿಸಮಾನಳೆಂದು ತೋರಿಸಿಕೊಳ್ಳುವ ಹಂಬಲದಿಂದ ದೂರದೇಶಗಳ ಪ್ರವಾಸದ ಸುಳ್ಳುಗಳನ್ನು ಹೆಣೆದಿದ್ದ ಅವಳ ಬಣ್ಣ ಬಯಲು ಮಾಡಲು ಮೂವರು ಸಹಪಾಠಿಗಳು ರಜೆಯ ದಿನ ನೇರವಾಗಿ ಬಾಗಿಲಿಗೇ ಬಂದಾಗ, ಅವಳು ಮುಖ ಉಳಿಸಿಕೊಳ್ಳಲು ಸಂಗ್ರಹಾಲಯದಲ್ಲಿರುವ ಭಾರತ ದೀಪ ಶಾಪಗ್ರಸ್ತವೆಂದು ಹೇಳಿ, ಎಂದೂ ಹಚ್ಚಬಾರದೆಂದು ತಾಯಿ ಎಚ್ಚರಿಸಿದ್ದ ಅದನ್ನು ಹಚ್ಚಿಬಿಡುತ್ತಾಳೆ. ದೀಪದೊಳಗೆ ಬಂಧಿಯಾಗಿದ್ದ ‘ಸ್ಲೀಪರ್’ ಎಂಬ ಪ್ರಾಚೀನ ದುಷ್ಟಶಕ್ತಿ ಬಿಡುಗಡೆ ಪಡೆಯುತ್ತದೆ. ಸುತ್ತಲಿನವರೆಲ್ಲ, ತಾಯಿಯೂ ಸೇರಿದಂತೆ, ಇದ್ದಲ್ಲೇ ಕಲ್ಲಾಗುತ್ತಾರೆ. ಪ್ರಳಯಕಾರಕನಾದ ಶಿವನನ್ನು ಎಚ್ಚರಿಸಿ ಕಾಲವನ್ನೇ ಕೊನೆಗಾಣಿಸಲು ಸ್ಲೀಪರ್ ಹೊರಟಿರುವುದು ತಿಳಿಯುತ್ತದೆ. ತಡೆಯಲು ಇರುವ ಅವಧಿ ಒಂಬತ್ತು ದಿನ. ಹಿರಿಯರನ್ನು ದೂರ ಸರಿಸಬೇಕೆಂಬ ಪ್ರಕಾರದ ಕಟ್ಟಳೆ ಇಲ್ಲಿ ಕೇವಲ ಅನುಕೂಲಕ್ಕಾಗಿ ನೆರವೇರಿಲ್ಲವೆಂಬುದು ಗಮನಾರ್ಹ: ತಾಯಿ ಕಲ್ಲಾದದ್ದು ಮಗಳ ಸುಳ್ಳಿನಿಂದ, ಆದ್ದರಿಂದ ಅವಳ ಪ್ರಯಾಣವೆಲ್ಲ ಸಾಹಸದಷ್ಟೇ ಪ್ರಾಯಶ್ಚಿತ್ತವೂ ಆಗುತ್ತದೆ.

ಅರು ತಾನು ಅರ್ಜುನನ ಆತ್ಮವನ್ನು ಹೊತ್ತು ಹುಟ್ಟಿದ ಇಂದ್ರನ ಮಗಳೆಂಬುದನ್ನು ತಿಳಿಯುತ್ತಾಳೆ. ಜೊತೆಗೂಡುವ ಮಿನಿ ಯುಧಿಷ್ಠಿರನ ಆತ್ಮದ, ಧರ್ಮರಾಜನಾದ ಯಮನ ಮಗಳು. ಮುಂದಿನ ಸಂಪುಟಗಳಲ್ಲಿ ವಾಯುವಿನ ಮಗಳಾಗಿ ಬ್ರಿನ್, ಅಶ್ವಿನೀದೇವತೆಗಳ ಮಕ್ಕಳಾಗಿ ಶೀಲಾ ಮತ್ತು ನಿಕಿತಾ ಎಂಬ ಅವಳಿಗಳು ಸೇರಿ ಐವರ ಲೆಕ್ಕ ತುಂಬುತ್ತದೆ. ದ್ರೌಪದಿಯ ಆತ್ಮ ಏಡನ್ ಎಂಬ ಹುಡುಗನಲ್ಲಿ ನೆಲೆಸಿದೆ. ಮಂತ್ರಬಲದಿಂದ ದೇವತೆಗಳನ್ನು ಕರೆದು ಕುಂತಿ, ಮಾದ್ರಿಯರು ಪಡೆದ ಮಕ್ಕಳು ಎಂಬ ಮೂಲದ ವ್ಯವಸ್ಥೆ ಹಾಗೆಯೇ ಉಳಿದು, ದೇಹ ಮತ್ತು ಲಿಂಗಗಳು ಮಾತ್ರ ಬದಲಾಗಿವೆ. ಈ ಬದಲಾವಣೆಯನ್ನು ಇಂದಿನ ಕಾಲದ ಹೇರಿಕೆಯೆಂದು ತಳ್ಳಿಹಾಕುವ ಓದುಗರು, ವಿರಾಟನ ಅರಮನೆಯಲ್ಲಿ ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ್ದನ್ನೂ, ಅಂಬೆಯ ಛಲ ಶಿಖಂಡಿಯ ದೇಹದಲ್ಲಿ ಮರಳಿ ಬಂದು ಭೀಷ್ಮನನ್ನು ಕೆಡವಿದ್ದನ್ನೂ ಒಮ್ಮೆ ನೆನೆಯಬೇಕು. ಜನ್ಮ ಬದಲಾದರೂ ಸಂಕಲ್ಪ ಉಳಿಯುತ್ತದೆ ಎಂಬ ನಂಬಿಕೆ ವ್ಯಾಸರ ಕಾವ್ಯದ್ದೇ.

ಹಳೆಯ ವೀರನನ್ನು ಹೊಸ ವ್ಯಕ್ತಿಯಲ್ಲಿ ಕಾಣುವ ಕ್ರಮವಂತೂ ಕನ್ನಡಕ್ಕೆ ಸಾವಿರ ವರ್ಷದಿಂದ ಪರಿಚಿತ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಆಶ್ರಯದಾತನಾದ ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಇಡೀ ಭಾರತ ಕಥೆಯನ್ನು ಆ ಸಮೀಕರಣದ ಸುತ್ತ ಮರುಜೋಡಿಸಿದನು. ರಾಜನಿಗೆ ಪುರಾಣದ ಗೌರವವನ್ನು ತೊಡಿಸುವುದು ಅಲ್ಲಿಯ ಒಂದು ಉದ್ದೇಶವಾಗಿದ್ದರೆ, ಅಟ್ಲಾಂಟಾದ ಕಾದಂಬರಿಯಲ್ಲಿ ಆ ಗೌರವ ಸಲ್ಲುವುದು ತರಗತಿಯಲ್ಲಿ ಯಾರೂ ಲೆಕ್ಕಕ್ಕಿಡದ, ಮನೆಯಲ್ಲಿ ತಾಯಿಗಾಗಿ ಕಾಯುತ್ತಾ ಕೂರುವ ವಲಸಿಗ ಕುಟುಂಬದ ಹುಡುಗಿಗೆ. ಆತ್ಮದ ಹಿರಿಮೆ ಅವಳಿಗೆ ಬಿಲ್ಲುವಿದ್ಯೆಯನ್ನೇನೂ ಕೊಡುವುದಿಲ್ಲ. ಅವಳಿಗಿರುವ ಆಯುಧವೆಂದರೆ ಕಥೆ ಕಟ್ಟುವ ಚಾತುರ್ಯ, ಅಂದರೆ ಅವಳನ್ನು ಅಪಾಯಕ್ಕೆ ದೂಡಿದ ಸುಳ್ಳುಗಾರಿಕೆಯೇ. ಮಿನಿಯಾದರೋ ನಿಯಮಗಳಿಗೆ ಅಂಜುವ, ಪ್ರತಿಯೊಂದು ರೋಗದ ಹೆಸರನ್ನೂ ಬಲ್ಲ, ತನ್ನ ಧೈರ್ಯವನ್ನು ತಾನೇ ನಂಬದ ಹುಡುಗಿ. ಸುಳ್ಳು ಹೇಳುವ ಅರ್ಜುನ ಮತ್ತು ಸತ್ಯಕ್ಕೆ ಕಟ್ಟುಬಿದ್ದ ಯುಧಿಷ್ಠಿರ ಎಂಬ ಈ ಜೋಡಿಯ ಹಿಂದೆ, ದ್ರೋಣನನ್ನು ಕೊಲ್ಲಿಸಲು ಅಶ್ವತ್ಥಾಮನ ಹೆಸರಿನಲ್ಲಿ ಅರ್ಧಸತ್ಯ ನುಡಿದಾಗ ನೆಲದಿಂದ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದ ಧರ್ಮರಾಜನ ರಥ ನೆಲಕ್ಕಿಳಿಯಿತೆಂಬ ದ್ರೋಣಪರ್ವದ ಸಂದರ್ಭದ ನೆರಳಿದೆ. ಸುಳ್ಳು ಯಾವಾಗ ಹೇಡಿತನ, ಯಾವಾಗ ಕಲ್ಪನೆ, ಯಾವಾಗ ಅನಿವಾರ್ಯ ಎಂಬ ಪ್ರಶ್ನೆ ಹನ್ನೊಂದರ ಓದುಗರಿಗೆ ದಿನನಿತ್ಯದ ಪ್ರಶ್ನೆಯಾಗಿರುವುದರಿಂದಲೇ ಅದು ಅವರನ್ನು ಇಷ್ಟು ನೇರವಾಗಿ ತಟ್ಟುತ್ತದೆ.

ಕಥೆಯ ಚೌಕಟ್ಟು ಅನ್ವೇಷಣಾ ಕಥನದ್ದು. ಗೊತ್ತಾದ ವಸ್ತುವನ್ನರಸಿ ಗೊತ್ತಿಲ್ಲದ ಲೋಕಕ್ಕೆ ಹೋಗುವುದು, ದಾರಿಯಲ್ಲಿ ಪರೀಕ್ಷೆಗಳನ್ನು ದಾಟುವುದು, ಹೋದವರಂತೆಯೇ ಮರಳದಿರುವುದು ಅದರ ಲಕ್ಷಣ. ಸ್ಲೀಪರ್‌ನನ್ನು ಸೋಲಿಸುವ ಬಗೆಯನ್ನು ಅರಿಯಲು ಮೃತ್ಯುಲೋಕಕ್ಕೆ ಹೋಗಬೇಕು; ಅದರ ಬಾಗಿಲು ತೆರೆಯಲು ಯೌವನದ ಚಿಗುರು, ಪ್ರಾಯದ ತುತ್ತು, ಮುಪ್ಪಿನ ಗುಟುಕು ಎಂಬ ಮೂರು ಕೀಲಿಗಳು ಬೇಕು. ಈ ಚೌಕಟ್ಟು ಪಾಶ್ಚಾತ್ಯರದ್ದೆಂಬ ಭಾವನೆ ವಿಮರ್ಶೆಯಲ್ಲಿ ಆಗಾಗ ಕಾಣಿಸುತ್ತದಾದರೂ ವನಪರ್ವವನ್ನು ಬಲ್ಲವರು ಅದನ್ನು ಒಪ್ಪಲಾರರು. ಪಾಶುಪತಾಸ್ತ್ರಕ್ಕಾಗಿ ಅರ್ಜುನ ಹಿಮಾಲಯಕ್ಕೆ ಹೋಗಿ ಕಿರಾತನೊಂದಿಗೆ ಸೆಣಸುವುದು, ದ್ರೌಪದಿ ಬಯಸಿದ ಸೌಗಂಧಿಕಾ ಪುಷ್ಪಕ್ಕಾಗಿ ಹೊರಟ ಭೀಮನ ದಾರಿಗೆ ಹನುಮಂತನ ಬಾಲ ಅಡ್ಡವಾಗುವುದು, ಸರೋವರದ ದಡದಲ್ಲಿ ತಮ್ಮಂದಿರ ಹೆಣಗಳ ನಡುವೆ ನಿಂತು ಯುಧಿಷ್ಠಿರ ಯಕ್ಷನ ಪ್ರಶ್ನೆಗಳಿಗೆ ಉತ್ತರಿಸುವುದು, ಇವೆಲ್ಲವೂ ಪರೀಕ್ಷೆಯಲ್ಲಿ ಮುಗಿಯುವ ಪ್ರಯಾಣಗಳೇ. ಚೋಕ್ಷಿ ಅವರು ರಿಯೋರ್ಡನ್ ಅವರಿಂದ ವೇಗವನ್ನೂ ಹಾಸ್ಯದ ಧಾಟಿಯನ್ನೂ ಪಡೆದಿರಬಹುದು. ಪ್ರಯಾಣದ ಎಲುಬು ವ್ಯಾಸರಲ್ಲೇ ಇತ್ತು.

ಮೃತ್ಯುಲೋಕದ ಹಾದಿಯಲ್ಲಿ ಹುಡುಗಿಯರು ಹೊಗುವ ಮಯಸಭೆಯ ಅಧ್ಯಾಯ ಈ ಪುಸ್ತಕದ ಅತ್ಯುತ್ತಮ ಭಾಗ. ಇಂದ್ರಪ್ರಸ್ಥದಲ್ಲಿ ದಾನವಶಿಲ್ಪಿ ಮಯನು ಪಾಂಡವರಿಗಾಗಿ ನಿರ್ಮಿಸಿದ ಆ ಸಭಾಭವನ ಮೂಲದಲ್ಲಿ ದುರ್ಯೋಧನನ ಅವಮಾನದ ನೆಲೆಯಾಗಿ, ಯುದ್ಧದ ಬೀಜ ಬಿದ್ದ ಜಾಗವಾಗಿ ನೆನಪಿನಲ್ಲಿ ಉಳಿಯುತ್ತದೆ. ಪಾಂಡವರು ಜೂಜಿನಲ್ಲಿ ಸೋತು ಕಾಡಿಗೆ ಹೋದ ಮೇಲೆ ಆ ಭವನಕ್ಕೆ ಏನಾಯಿತೆಂದು ಕೇಳಿದವರು ವಿರಳ. ಚೋಕ್ಷಿ ಅದನ್ನೇ ಕೇಳಿದರು. ಅವರ ಕಾದಂಬರಿಯಲ್ಲಿ ಆ ಭವನಕ್ಕೆ ಮನಸ್ಸಿದೆ. ತನ್ನನ್ನು ಪ್ರೀತಿಸಿದವರು ಬಿಟ್ಟುಹೋದ ಮೇಲೆ ಯುಗಗಳ ಕಾಲ ಒಂಟಿಯಾಗಿ ಕಾದ ಅದು, ಮರಳಿ ಬಂದ ಆತ್ಮಗಳನ್ನು ಗುರುತಿಸಿಯೂ ಮುನಿಸಿನಿಂದ ಪರೀಕ್ಷೆಗೊಡ್ಡುತ್ತದೆ. ಬಿಟ್ಟುಹೋಗುವವರ ಕಥೆಯನ್ನು ಕಾವ್ಯ ಹೇಳಿತು, ಬಿಡಲ್ಪಟ್ಟವರ ಕಥೆಯನ್ನು ಮಕ್ಕಳ ಕಾದಂಬರಿ ಹೇಳುತ್ತಿದೆ. ವ್ಯಾಸರ ಒಂದು ಸಾಲನ್ನೂ ತಿರುಚದೆ, ಅವರು ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ಹೊಸದನ್ನು ಕಟ್ಟುವ ಈ ವಿಧಾನ ಪುರಾಣಾಧಾರಿತ ಬರವಣಿಗೆಗೆ ಒಳ್ಳೆಯ ಪಾಠವಾಗಬಲ್ಲದು.

ಇದೇ ಬಗೆಯ ಇನ್ನೊಂದು ದಿಟ್ಟ ಹೆಜ್ಜೆ ಹುಡುಗಿಯರ ಮಾರ್ಗದರ್ಶಿಯ ಪಾತ್ರದಲ್ಲಿದೆ. ಬೂ ಎಂಬ ಸಿಡುಕಿನ ಪಾರಿವಾಳವೊಂದು ಅವರನ್ನು ಗದರಿಸುತ್ತಾ ಕಾಯುತ್ತಾ ಜೊತೆಗಿರುತ್ತದೆ. ಅದು ತನ್ನ ಹೆಸರನ್ನು ಸುಬಲ ಎಂದು ಹೇಳಿಕೊಳ್ಳುತ್ತದೆ. ಸುಬಲನೆಂದರೆ ಗಾಂಧಾರದ ದೊರೆ, ಶಕುನಿಯ ತಂದೆ ಎಂದು ಬಲ್ಲ ಓದುಗರಿಗೆ ಅಲ್ಲೇ ಸಂಶಯ ಮೂಡಬೇಕು, ಏಕೆಂದರೆ ಆ ಪಾರಿವಾಳ ಶಾಪ ಹೊತ್ತ ಶಕುನಿಯೇ ಎಂಬುದು ಕಥೆ ಮುಂದುವರಿದಂತೆ ತಿಳಿದುಬರುತ್ತದೆ. ಕಪಟ ದ್ಯೂತದಿಂದ ಪಾಂಡವರನ್ನು ನಾಶದಂಚಿಗೆ ತಂದವನೇ ಮರುಹುಟ್ಟಿನ ಪಾಂಡವರ ಗುರುವಾಗುವುದು ಮೇಲ್ನೋಟಕ್ಕೆ ವಿಪರೀತವೆನಿಸಿದರೂ, ತನ್ನ ಬಂಧುಗಳನ್ನು ಕೌರವರು ಸೆರೆಯಲ್ಲಿಟ್ಟು ಉಪವಾಸ ಕೊಂದ ಸೇಡಿಗಾಗಿ ಸತ್ತ ತಂದೆಯ ಮೂಳೆಯಿಂದಲೇ ದಾಳ ಮಾಡಿಕೊಂಡವನೆಂದು ಶಕುನಿಯನ್ನು ಚಿತ್ರಿಸುವ ಜನಪದ ಕಥನಗಳನ್ನು ಕೇಳಿ ಬೆಳೆದವರಿಗೆ ಇದು ಹೊರಗಿನಿಂದ ತಂದದ್ದೆಂದು ತೋರುವುದಿಲ್ಲ.

ಸ್ಲೀಪರ್‌ನ ಗುಟ್ಟು ಇನ್ನೂ ತೀಕ್ಷ್ಣವಾದುದು. ಮೃತ್ಯುಲೋಕದ ಗತಕಾಲದ ಕೊಳದಲ್ಲಿ ಅರು ಕಾಣುವ ದೃಶ್ಯಗಳು, ಜಗತ್ತನ್ನು ನಾಶಮಾಡಲು ಹೊರಟ ಆ ಶತ್ರು ತನ್ನ ತಂದೆಯೆಂದೂ, ಅವನನ್ನು ದೀಪದಲ್ಲಿ ಬಂಧಿಸಿದವಳು ತನ್ನ ತಾಯಿಯೆಂದೂ, ಆ ಬಂಧನದ ಹಿಂದೆ ಪ್ರೀತಿಯೂ ಭವಿಷ್ಯವಾಣಿಯ ಭಯವೂ ಹೆಣೆದುಕೊಂಡಿದ್ದವೆಂದೂ ತೋರಿಸುತ್ತವೆ. ಕೊನೆಯ ಹೋರಾಟದಲ್ಲಿ ವಜ್ರಾಯುಧ ಕೈಯಲ್ಲಿದ್ದೂ ಅವಳು ಹಿಂಜರಿಯುತ್ತಾಳೆ, ಅವನು ತಪ್ಪಿಸಿಕೊಳ್ಳುತ್ತಾನೆ. ಕುರುಕ್ಷೇತ್ರದ ಎರಡು ಸೇನೆಗಳ ನಡುವೆ ತನ್ನವರನ್ನೇ ಎದುರಿಗೆ ಕಂಡು ಬಿಲ್ಲು ಕೆಳಗಿಟ್ಟ ಅರ್ಜುನನ ಸ್ಥಿತಿಯೇ ಇದು. ಆದರೆ ಈ ಹುಡುಗಿಯ ರಥದಲ್ಲಿ ಕೃಷ್ಣನಿಲ್ಲ. ಉತ್ತರ ಹೇಳಿ ಮುಂದೆ ನಡೆಸುವವರಿಲ್ಲದೆ ಆ ಹಿಂಜರಿಕೆಯ ಫಲವನ್ನು ಅವಳು ಮುಂದಿನ ನಾಲ್ಕು ಸಂಪುಟಗಳ ಉದ್ದಕ್ಕೂ, 2022ರಲ್ಲಿ ಬಂದ ಅಮೃತದ ಹುಡುಕಾಟದ ಕೊನೆಯ ಭಾಗದವರೆಗೂ ಹೊರಬೇಕಾಗುತ್ತದೆ. ಮಕ್ಕಳ ಪುಸ್ತಕದಲ್ಲಿ ಖಳನು ಖಳನಾಗಿಯೇ ಇರಲಿ ಎಂಬ ವಾದಕ್ಕೆ ಮಹಾಭಾರತದ ಬೆಂಬಲ ಸಿಗುವುದಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಯುಧಿಷ್ಠಿರನ ಕಣ್ಣಿಗೆ ಮೊದಲು ಬೀಳುವುದು ಸ್ವರ್ಗದಲ್ಲಿ ಕುಳಿತ ದುರ್ಯೋಧನ.

ಕೃತಿಯಲ್ಲಿ ದುರ್ಬಲ ಭಾಗಗಳಿಲ್ಲವೆಂದಲ್ಲ. ತಲೆ ಮುಟ್ಟಿದವರನ್ನು ಬೂದಿಮಾಡುವ ವರ ಪಡೆದ ಭಸ್ಮಾಸುರನ ಕಥೆಯ ಮಾದರಿಯ ರಕ್ಕಸಿಯೊಬ್ಬಳು ಅಂದಚೆಂದದ ಅಂಗಡಿಯ ಒಡತಿಯಾಗಿ ಬರುವ ಭಾಗದಲ್ಲಿ ಚುರುಕಿದ್ದರೂ, ಮೂಲದಲ್ಲಿ ಮೋಹಿನಿಯ ನೃತ್ಯಕ್ಕಿರುವ ಭಯ ಮತ್ತು ಸೌಂದರ್ಯಗಳ ಬೆರಕೆ ಇಲ್ಲಿ ಉಳಿದಿಲ್ಲ. ಅಮೆರಿಕದ ಟಿವಿ ಮತ್ತು ಸಿನಿಮಾಗಳ ಉಲ್ಲೇಖಗಳು ಪುಟಪುಟಕ್ಕೂ ಎದುರಾಗುವುದು ಅಲ್ಲಿನ ಮಕ್ಕಳನ್ನು ಸೆಳೆಯಬಹುದಾದರೂ, ಹತ್ತು ವರ್ಷ ಕಳೆಯುವುದರೊಳಗೆ ಅವು ಮಾಸಲಿವೆ. ಮಯಸಭೆಯ ಒಂಟಿತನ ಮಾಸದು.

ಗ್ರೀಕ್ ಪುರಾಣವನ್ನು ಬಳಸುವವರಿಗಿಲ್ಲದ ಹೊಣೆಯೊಂದು ಇಲ್ಲಿದೆ. ಜ್ಯೂಸ್ ಇಂದು ಬಹುಪಾಲು ಓದುಗರಿಗೆ ಕಥೆಯ ಪಾತ್ರ ಮಾತ್ರ. ಆದರೆ ಭಾರತೀಯ ಮೂಲದ ಓದುಗ ಮಗು ಪುಸ್ತಕ ಮುಚ್ಚಿಟ್ಟು ದೇವರ ಮನೆಗೆ ಕೈಮುಗಿಯಲು ಹೋಗಬಹುದು. ಈ ಸೂಕ್ಷ್ಮವನ್ನು ಮಾಲಿಕೆ ನಿಭಾಯಿಸಿದ ಬಗೆ ಗಮನಿಸಬೇಕಾದದ್ದು. ದೇವತೆಗಳ ಪೈಕಿ ಮುನ್ನೆಲೆಗೆ ಬರುವವರು ಇಂದ್ರ, ಯಮ, ವಾಯು ಮುಂತಾದ ದಿಕ್ಪಾಲಕರು, ಅಂದರೆ ಎಂಟು ದಿಕ್ಕುಗಳನ್ನು ಕಾಯುವ ದೇವತೆಗಳು. ಹೊಯ್ಸಳ ದೇಗುಲಗಳ ಒಳಛಾವಣಿಯ ಶಿಲ್ಪಗಳಲ್ಲಿ ಇವರನ್ನು ಧಾರಾಳವಾಗಿ ಕಾಣಬಹುದಾದರೂ ಗರ್ಭಗುಡಿಯಲ್ಲಿ ಕಾಣುವುದು ಅಪರೂಪ. ನಿತ್ಯಾರಾಧನೆಯ ದೇವರುಗಳನ್ನು ಕಥೆಯ ಅಂಚಿನಲ್ಲಿರಿಸಿ ಈ ದೇವತೆಗಳಿಗೆ ಮಾತು, ಸಿಟ್ಟು, ತಂದೆತನದ ಸಂಕೋಚಗಳನ್ನು ಕೊಟ್ಟದ್ದರಿಂದ ಹಾಸ್ಯಕ್ಕೂ ಜಾಗ ಸಿಕ್ಕಿತು, ಭಕ್ತಿಗೂ ನೋವಾಗಲಿಲ್ಲ. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ದೈವಾಂಶವನ್ನೆಲ್ಲ ಕಳಚಿ ಮನುಷ್ಯರ ಕಥೆಯಾಗಿ ಮಹಾಭಾರತವನ್ನು ನೋಡಿತು. ದೇವತೆಗಳನ್ನು ಉಳಿಸಿಕೊಂಡೇ ಮನುಷ್ಯರ ಕಷ್ಟವನ್ನು ಹೇಳಬೇಕಾದದ್ದು ಮಕ್ಕಳ ಕಾದಂಬರಿಯ ಬೇರೆಯ ಸವಾಲು.

ಮರುಕಥನಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಚಂದಮಾಮ ಪತ್ರಿಕೆ, ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಕಿರುಹೊತ್ತಗೆಗಳು, ಅಮರ ಚಿತ್ರ ಕಥೆಯ ಕನ್ನಡ ಆವೃತ್ತಿಗಳು ಹಲವು ತಲೆಮಾರಿನ ಮಕ್ಕಳನ್ನು ಸಾಕಿವೆ. ಚಂದಮಾಮದಲ್ಲಿ ದಾಸರಿ ಸುಬ್ರಹ್ಮಣ್ಯಂ ಅವರ ಮಾಂತ್ರಿಕರ ಧಾರಾವಾಹಿಗಳು ಮುಂದಿನ ಸಂಚಿಕೆಗಾಗಿ ಕಾಯುವಂತೆ ಮಾಡಿ, ದೀರ್ಘ ಸಾಹಸ ಕಥನದ ರುಚಿಯನ್ನೂ ಹತ್ತಿಸಿದ್ದವು. ಇಂದಿನ ಮಗುವನ್ನು ನಡುವಿಗೆ ತಂದು ಪುರಾಣದ ಖಾಲಿ ಜಾಗಗಳನ್ನು ಪ್ರಶ್ನಿಸುವ ದೀರ್ಘ ಕಾದಂಬರಿ ಮಾತ್ರ ನಮ್ಮ ಮಕ್ಕಳ ಸಾಹಿತ್ಯದಲ್ಲಿ ಇನ್ನೂ ವಿರಳ. ಅದಕ್ಕೆ ಬೇಕಾದ ಸಾಮಗ್ರಿ ಮಹಾಭಾರತಕ್ಕಷ್ಟೇ ಸೀಮಿತವಾಗಬೇಕಿಲ್ಲ. ಬಂಗಾಳಿ ಜಾನಪದ ಕಥೆಗಳ ‘ಠಾಕುರ್‌ಮಾರ್ ಝುಲಿ’ (1907) ಸಂಕಲನದ ಲೋಕದಿಂದ ರಕ್ಕಸರನ್ನೂ ರಾಜಕುಮಾರರನ್ನೂ ತಂದು ಸಾಯಂತನಿ ದಾಸ್‌ಗುಪ್ತಾ 2018ರಲ್ಲೇ ‘ದಿ ಸರ್ಪೆಂಟ್ಸ್ ಸೀಕ್ರೆಟ್’ ಬರೆದರು. ಅದರ ನಾಯಕಿ ನ್ಯೂಜೆರ್ಸಿಯಲ್ಲಿ ಹನ್ನೆರಡನೆಯ ಹುಟ್ಟುಹಬ್ಬದ ದಿನ ತಂದೆತಾಯಿಯನ್ನು ಕಳೆದುಕೊಂಡು ಹುಡುಕಿ ಹೊರಡುತ್ತಾಳೆ. ಕನ್ನಡದ ನೆಲದಲ್ಲಿ ಮಲೆ ಮಾದೇಶ್ವರನ ಕಾವ್ಯವಿದೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನೆಂಬ ಅಸುರನನ್ನು ಮಾದೇಶ್ವರ ಅರಗಿನ ಪಾದುಕೆ ಮೆಟ್ಟಿಸಿ ಉಪಾಯದಿಂದ ಸುಡುವ ಭಾಗವೊಂದೇ ಸಾಹಸ ಕಾದಂಬರಿಯ ನಡುಭಾಗವನ್ನು ತುಂಬುವಷ್ಟು ರೋಚಕ. ಕಂಸಾಳೆಯವರು ಇಂದಿಗೂ ಹಾಡುವ ಆ ಕಾವ್ಯದ ಮಾದಪ್ಪ ಬೆಟ್ಟದಲ್ಲಿ ಪೂಜೆಗೊಳ್ಳುತ್ತಿರುವ ದೇವರಾದ್ದರಿಂದ, ಅದನ್ನು ಮುಟ್ಟುವ ಲೇಖಕರು ಚೋಕ್ಷಿ ಅವರಂತೆಯೇ ಮೊದಲು ನಿರ್ಧರಿಸಬೇಕಾದದ್ದು, ದೇವರನ್ನು ಎಷ್ಟು ದೂರದಲ್ಲಿ ನಿಲ್ಲಿಸಿ, ಆ ಅರಗಿನ ಪಾದುಕೆಯನ್ನು ಹೊತ್ತೊಯ್ಯುವ ಕೆಲಸವನ್ನು ಯಾವ ಊರಿನ ಯಾವ ಮಗುವಿಗೆ ವಹಿಸಬೇಕೆಂಬುದನ್ನು.